ಹೊಸ ಸರ್ವರ್, ಹಳೇ ಪ್ರಾಣ

"ಸರ್ವರ್ ಡೌನ್ ಇದೆ ಸಾರ್, ನಾಳೆ ಬನ್ನಿ." ಈ ಮಾತು ಕೇಳದ ಕನ್ನಡಿಗ ಯಾರಾದ್ರೂ ಇದ್ದಾರಾ ವೀಕ್ಷಕರೇ? ಕಚೇರಿ, ಬ್ಯಾಂಕು, ಆಸ್ಪತ್ರೆ, ಎಲ್ಲಿಗೆ ಹೋದರೂ ಇದೇ ಮಂತ್ರ. ಜನ ಗಲಾಟೆ ಮಾಡಿದರೆ ಸಿಗೋ ಉತ್ತರವೂ ಒಂದೇ: "ಹೊಸ ಸರ್ವರ್ ತರಿಸ್ತಿದ್ದೀವಿ." ತರಿಸಲಿ, ಸಂತೋಷ. ಆದರೆ ನನ್ನದೊಂದು ಪ್ರಶ್ನೆ. ಆ ಹೊಸ ಪೆಟ್ಟಿಗೆಯ ಒಳಗೆ ಓಡೋದು ಏನು?

ಸರ್ವರ್ ಅಂದರೆ ದೇಹ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಅದರ ಪ್ರಾಣ. ಎಷ್ಟೋ ಕಡೆ ಹೊಸ ದೇಹಕ್ಕೆ ಹಳೇ ಪ್ರಾಣವನ್ನೇ ತುಂಬುತ್ತಾರೆ. ಉದಾಹರಣೆಗೆ ವಿಂಡೋಸ್ ಸರ್ವರ್ 2003. ಮೈಕ್ರೋಸಾಫ್ಟ್ ಇದಕ್ಕೆ ಬೆಂಬಲ ನಿಲ್ಲಿಸಿದ್ದು 2015ರ ಜುಲೈ 14ರಂದು. ಆದರೂ ಯಾಕೆ ಬಿಡೋದಿಲ್ಲ? ಕಾರಣ ಸೋಮಾರಿತನ ಒಂದೇ ಅಲ್ಲ. ಲೆಕ್ಕಪತ್ರದ ಸಾಫ್ಟ್‌ವೇರೋ, ಲ್ಯಾಬ್ ಯಂತ್ರದ ಪ್ರೋಗ್ರಾಮೋ ಆ ಹಳೇ ಸಿಸ್ಟಂಗೆಂದೇ ಬರೆದದ್ದಾಗಿರುತ್ತೆ. ಬರೆದ ಕಂಪನಿ ಬಾಗಿಲು ಹಾಕಿರುತ್ತೆ. ಹಳೇ ಸರ್ವರ್ ಕೆಟ್ಟರೆ ಬಿಡಿಭಾಗ ಸಿಗಲ್ಲ. ಆಗ ಹೊಸ ಸರ್ವರ್ ಬರುತ್ತೆ, ಸಿಸ್ಟಂ ಮಾತ್ರ ಹಳೇ ಗಂಡನ ಪಾದವೇ ಗತಿ!

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಈ ಕಸರತ್ತು ಹೇಗಿರುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲ ತಕರಾರು, ಡಿಸ್ಕ್. ಇವತ್ತಿನ ಸರ್ವರ್‌ನ ಡಿಸ್ಕ್ ನಿಯಂತ್ರಿಸುವ ಚಿಪ್‌ಗಳು 2003ರಲ್ಲಿ ಹುಟ್ಟೇ ಇರಲಿಲ್ಲ. ಹಾಗಾಗಿ ಹಳೇ ಸಿಸ್ಟಂಗೆ ಅವುಗಳ ಭಾಷೆ ಗೊತ್ತಿಲ್ಲ. ಆ ಭಾಷೆ ಕಲಿಸುವ ತುಣುಕೇ ಡ್ರೈವರ್. ಇನ್‌ಸ್ಟಾಲ್ ಮಾಡುವಾಗ ಅದು ಆ ಡ್ರೈವರನ್ನು ಫ್ಲಾಪಿ ಡಿಸ್ಕಿನಲ್ಲಿ ಕೊಡಿ ಅಂತ ಕೇಳುತ್ತೆ. ಫ್ಲಾಪಿ ಈಗ ಎಲ್ಲಿದೆ ಸ್ವಾಮಿ? ಡ್ರೈವರ್ ಸಿಗದಿದ್ದರೆ ನೀಲಿ ಪರದೆ, ಅಲ್ಲಿಗೆ ಕಥೆ ಮುಗೀತು.

ಎರಡನೆಯದು, ಮೆಮೊರಿ. ಸರ್ವರ್ 2003ರ 32 ಬಿಟ್ ಸ್ಟ್ಯಾಂಡರ್ಡ್ ಆವೃತ್ತಿ 4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸಲಾರದು. ನೀವು 256 ಜಿಬಿ ಕೊಟ್ಟರೂ ಅದು ಮುಟ್ಟೋದು 4 ಜಿಬಿ ಮಾತ್ರ. ದೊಡ್ಡ ಬಂಗಲೆ ಕಟ್ಟಿಸಿ, ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ ಹಾಗೆ.

ಇದಕ್ಕೊಂದು ಜಾಣ ಉಪಾಯ ಇದೆ. ಅದೇ ವರ್ಚುವಲ್ ಮಷೀನ್. ಹೊಸ ಸರ್ವರ್ ಮೇಲೆ ಹೊಸ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಒಂದು ಕಾಲ್ಪನಿಕ ಹಳೇ ಕಂಪ್ಯೂಟರ್ ಸೃಷ್ಟಿ ಮಾಡ್ತಾರೆ. ವಿಎಂವೇರ್ ಸೃಷ್ಟಿಸುವ ಈ ಯಂತ್ರ ತೋರಿಸೋದು ಇಂಟೆಲ್ 440ಬಿಎಕ್ಸ್ ಅನ್ನೋ 1998ರ ಚಿಪ್‌ಸೆಟ್! ಪಾಪ, ಹಳೇ ಸಿಸ್ಟಂ ತನ್ನ ಕಾಲದಲ್ಲೇ ಇದ್ದೀನಿ ಅಂದುಕೊಂಡು ಹಾಯಾಗಿ ಓಡುತ್ತೆ. ಡ್ರೈವರ್ ಗೋಳಿಲ್ಲ, ಫ್ಲಾಪಿ ಬೇಡ.

ಎಲ್ಲರೂ ನಿಟ್ಟುಸಿರು ಬಿಡೋದು ಇಲ್ಲೇ. ಅಪಾಯ ಶುರುವಾಗೋದೂ ಇಲ್ಲೇ. ಯಾಕಂದ್ರೆ ಯಂತ್ರದ ಸಮಸ್ಯೆ ಬಗೆಹರಿಯಿತು, ಸಿಸ್ಟಂನಲ್ಲಿದ್ದ ತೂತುಗಳು ಹಾಗೇ ಉಳಿದವು. ಬೆಂಬಲ ನಿಂತಿದೆ ಅಂದರೆ ಹೊಸ ತೂತು ಪತ್ತೆಯಾದರೂ ತೇಪೆ ಹಾಕುವವರು ಇಲ್ಲ ಅಂತಲೇ ಅರ್ಥ.

ತೇಪೆ ಇಲ್ಲದಿದ್ದರೆ ಏನಾಗುತ್ತೆ? 2017ರ ಮೇ 12 ನೆನಪಿಸಿಕೊಳ್ಳಿ. ವಾನ್ನಾಕ್ರೈ ಅನ್ನೋ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನಲ್ಲಿ ಆಸ್ಪತ್ರೆಗಳೇ ತತ್ತರಿಸಿದವು. ಸುಮಾರು 19,000 ರೋಗಿ ಭೇಟಿಗಳು ರದ್ದಾದವು ಅಂತ ಅಂದಾಜಿಸಲಾಯಿತು. ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದವರೂ ಅದರಲ್ಲಿದ್ದರು. ಇಲ್ಲೊಂದು ಸೂಕ್ಷ್ಮ ಇದೆ. ಆ ಆಸ್ಪತ್ರೆಗಳಲ್ಲಿ ಸೋಂಕು ತಗುಲಿದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಆಗ ಬೆಂಬಲ ಇತ್ತು, ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿರಲಿಲ್ಲ ಅಷ್ಟೆ. ಎಕ್ಸ್‌ಪಿ ಮತ್ತು ಸರ್ವರ್ 2003ಕ್ಕೆ ಮೈಕ್ರೋಸಾಫ್ಟ್ ಎಲ್ಲರಿಗೂ ತೇಪೆ ಕೊಟ್ಟಿದ್ದು ದಾಳಿಯಾದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬಾಗಿಲು ಇದ್ದೂ ಹಾಕದವರ ಗತಿಯೇ ಹೀಗಾದರೆ, ಬಾಗಿಲೇ ಇಲ್ಲದವರ ಗತಿ ಏನು?

ನಮ್ಮಲ್ಲೂ ಇದು ದೂರದ ಮಾತಲ್ಲ. ನೀವು ದುಡ್ಡು ತೆಗೆಯುವ ಎಟಿಎಂಗಳಲ್ಲಿ ಎಷ್ಟೋ ಯಂತ್ರಗಳು, 2014ರಲ್ಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿ ಮೇಲೆಯೇ ಓಡುತ್ತಿದ್ದವು. ಕೊನೆಗೆ 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಗಡುವು ಹಾಕಬೇಕಾಯಿತು. ಹಂತ ಹಂತವಾಗಿ, 2019ರ ಜೂನ್ ಒಳಗೆ ಎಲ್ಲವನ್ನೂ ಬದಲಿಸಿ ಅಂತ.

ಹಾಗಾದರೆ ಹಳೇ ಸಿಸ್ಟಂ ಇಟ್ಟುಕೊಳ್ಳಲೇಬಾರದಾ? ಅನಿವಾರ್ಯವಾದರೆ ಇಟ್ಟುಕೊಳ್ಳಿ, ಆದರೆ ಮಡಿಯಲ್ಲಿ ಇಡಿ. ಇಂಟರ್‌ನೆಟ್ ಸಂಪರ್ಕ ಬೇಡ. ಕಚೇರಿಯ ಉಳಿದ ನೆಟ್‌ವರ್ಕ್‌ನಿಂದ ಬೇರೆ ಮಾಡಿ. ಕೆಲಸಕ್ಕೆ ಬೇಕಾದ ಒಂದೇ ದಾರಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿ. ಬ್ಯಾಕಪ್ ಅನ್ನು ಬೇರೆ ಜಾಗದಲ್ಲಿಡಿ. ಮುಖ್ಯವಾಗಿ, ಇದನ್ನು ಯಾವತ್ತು ಬಿಡ್ತೀವಿ ಅನ್ನೋ ದಿನಾಂಕ ಬರೆದಿಡಿ. ಆ ದಿನಾಂಕ ಇಲ್ಲದಿದ್ದರೆ ತಾತ್ಕಾಲಿಕ ಅನ್ನೋದು ಶಾಶ್ವತ ಆಗಿಬಿಡುತ್ತೆ.

ಬೆಂಬಲ ಮುಗಿಯುವ ದಿನ ಯಾರಿಗೂ ದಿಢೀರ್ ಅಂತ ಬಂದು ಬಡಿಯೋದಿಲ್ಲ. ವಿಂಡೋಸ್ ಸರ್ವರ್ 2012ಕ್ಕೆ 2023ರ ಅಕ್ಟೋಬರ್ 10, ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30, ಎಲ್ಲವೂ ವರ್ಷಗಟ್ಟಲೆ ಮೊದಲೇ ಪ್ರಕಟವಾಗಿದ್ದ ದಿನಾಂಕಗಳು. ಸಮಸ್ಯೆ ಏನಂದ್ರೆ, ಹೊಸ ಸರ್ವರ್‌ಗೆ ಟೆಂಡರ್ ಕರೀಬಹುದು, ರಿಬ್ಬನ್ ಕತ್ತರಿಸಬಹುದು, ಫೋಟೊ ತೆಗೆಸಬಹುದು. ಸಾಫ್ಟ್‌ವೇರ್ ಬದಲಿಸಿದ್ದಕ್ಕೆ ಯಾರು ಹಾರ ಹಾಕ್ತಾರೆ?

ಅದಕ್ಕೇ ಇನ್ನು ಮುಂದೆ "ಹೊಸ ಸರ್ವರ್ ಬಂತು" ಅಂತ ಯಾರಾದರೂ ಹೇಳಿದರೆ ಎರಡೇ ಪ್ರಶ್ನೆ ಕೇಳಿ. ಒಳಗಿರೋ ಸಿಸ್ಟಂ ಯಾವುದು? ಅದಕ್ಕೆ ತೇಪೆ ಬರೋದು ಯಾವ ತಾರೀಖಿನವರೆಗೆ? ಪೆಟ್ಟಿಗೆ ಅವರದ್ದಿರಬಹುದು, ಅದರೊಳಗಿರೋ ಮಾಹಿತಿ ನಿಮ್ಮದು. ಕೇಳೋ ಹಕ್ಕೂ ನಿಮ್ಮದೇ.