ಬಾಯ್ಲರ್ ಬದಲಿಸುವ ಮುನ್ನ ಒಂದು ಪ್ರಶ್ನೆ

ಇಂಗ್ಲೆಂಡಿನ ಚರ್ಚೊಂದರಲ್ಲಿ ಚಳಿಗಾಲದ ನಡುವೆ ಅನಿಲದ ಬಾಯ್ಲರ್ ಕೆಟ್ಟರೆ, ಅಂಥದೇ ಹೊಸತೊಂದನ್ನು ತಂದು ಕೂರಿಸುವುದು ಬಹುಕಾಲದ ರೂಢಿಯಾಗಿತ್ತು. 2022ರ ಜುಲೈ 1ರಿಂದ ಆ ರೂಢಿಗೆ ಕಾನೂನು ಅಡ್ಡ ಬಂದಿದೆ. ಹೊಸ ಬಾಯ್ಲರ್ ಬೇಕೆನ್ನುವವರು ಮೊದಲು ಒಂದು ಪ್ರಶ್ನೆಗೆ ಲಿಖಿತವಾಗಿ ಉತ್ತರಿಸಬೇಕು: ವಾತಾವರಣಕ್ಕೆ ಇಂಗಾಲವನ್ನು ಕಡಿಮೆ ಸೇರಿಸುವ ಬೇರೆ ದಾರಿಯನ್ನು ಪರಿಶೀಲಿಸಿದ್ದೀರಾ? ಧರ್ಮಸಂಸ್ಥೆಯೊಂದು ತನಗೆ ತಾನೇ ವಿಧಿಸಿಕೊಂಡ ಈ ನಿಯಮವು ನಮ್ಮ ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿಗಳ ಆಡಳಿತ ನಡೆಸುವವರಿಗೂ ಮನನಯೋಗ್ಯವಾದುದು.

ಚರ್ಚ್ ಆಫ್ ಇಂಗ್ಲೆಂಡಿನ ಪ್ರಾತಿನಿಧಿಕ ಸಭೆಯಾದ ಜನರಲ್ ಸಿನೋಡ್ 2020ರ ಫೆಬ್ರವರಿಯಲ್ಲಿ ಒಂದು ದಿಟ್ಟ ನಿರ್ಣಯವನ್ನು ಕೈಗೊಂಡಿತು. ನಿವ್ವಳ ಶೂನ್ಯವನ್ನು ಸಾಧಿಸಲು ಮೂಲ ಪ್ರಸ್ತಾವ 2045ರವರೆಗೆ ಅವಧಿ ಕೇಳಿತ್ತು. ಸದಸ್ಯರು ಅದಕ್ಕೆ ತಿದ್ದುಪಡಿ ತಂದು 2030ಕ್ಕೆ ಇಳಿಸಿದರು. ಹೊರಸೂಸುವ ಇಂಗಾಲವನ್ನು ಆದಷ್ಟು ತಗ್ಗಿಸಿ, ಉಳಿದುದನ್ನು ಬೇರೆ ಕ್ರಮಗಳಿಂದ ಸರಿದೂಗಿಸುವುದೇ ನಿವ್ವಳ ಶೂನ್ಯ. ಈ ಸಂಸ್ಥೆಯ ಅಧೀನದಲ್ಲಿ ಸುಮಾರು 16,000 ಚರ್ಚು ಕಟ್ಟಡಗಳಿವೆ. ಅವುಗಳಲ್ಲಿ 12,000ಕ್ಕೂ ಮಿಕ್ಕಿದವು ಸಂರಕ್ಷಿತ ಪಟ್ಟಿಯಲ್ಲಿವೆ. ಇದಕ್ಕೆ ಸೇರಿದ ಶಾಲೆಗಳು ಸುಮಾರು 4,600. ಈ ಗುರಿ ಅವುಗಳಿಗೂ ಅನ್ವಯಿಸುತ್ತದೆ.

ಗಾಳಿಯನ್ನಲ್ಲ, ಮನುಷ್ಯರನ್ನು

ಚರ್ಚಿನ ಶಕ್ತಿ ಬಳಕೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ವ್ಯಯವಾಗುವುದು ಕಟ್ಟಡವನ್ನು ಬೆಚ್ಚಗಾಗಿಸಲು. ದಪ್ಪನೆಯ ಕಲ್ಲಿನ ಗೋಡೆ, ಬಹು ಎತ್ತರದ ಮಾಡು, ವಾರದಲ್ಲಿ ಕೆಲವೇ ಗಂಟೆಗಳ ಪ್ರಾರ್ಥನೆ. ಬಾಯ್ಲರ್ ಉರಿದು ಬಿಸಿಯಾದ ಗಾಳಿ ಮೇಲೇರಿ ಮಾಡಿನಡಿ ನಿಲ್ಲುತ್ತದೆ. ಕೆಳಗೆ ಕುಳಿತವರು ನಡುಗುತ್ತಲೇ ಇರುತ್ತಾರೆ. ಆದುದರಿಂದಲೇ ಅಲ್ಲಿನ ತಜ್ಞರು, ಗಾಳಿಯನ್ನಲ್ಲ, ಮನುಷ್ಯರನ್ನು ಬೆಚ್ಚಗಿರಿಸಿ ಎನ್ನುತ್ತಾರೆ. ಬೆಂಚುಗಳ ಅಡಿಯಲ್ಲಿ ಅಳವಡಿಸಿದ ವಿದ್ಯುತ್ ಹೀಟರುಗಳು, ಜನ ಕುಳಿತಷ್ಟು ಹೊತ್ತು ಮಾತ್ರ, ಕುಳಿತಲ್ಲಿಗೆ ಮಾತ್ರ ಶಾಖ ನೀಡುತ್ತವೆ.

ಅದಕ್ಕೂ ಮೊದಲು ಹೇಳುವ ಕೆಲಸಗಳು ಇನ್ನೂ ಸರಳ. ಮಳೆನೀರಿನ ದಂಬೆಗಳನ್ನು ಶುಚಿಗೊಳಿಸಬೇಕು, ಏಕೆಂದರೆ ಒದ್ದೆಗೋಡೆ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಬಾಗಿಲಿನ ಸಂದುಗಳನ್ನು ಮುಚ್ಚಬೇಕು. ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕು. ಸೌರಫಲಕದ ಮಾತು ಆಮೇಲಿನದು.

ನಿಯಮ ಮಾಡಿದ ಕೆಲಸ

ವಕೀಲನಾದ ನನ್ನ ಗಮನವನ್ನು ಹೆಚ್ಚು ಸೆಳೆದುದು ನಿಯಮದ ರಚನೆ. ಅಲ್ಲಿ ಚರ್ಚಿನ ಕಟ್ಟಡದಲ್ಲಿ ಬದಲಾವಣೆ ಮಾಡಲು 'ಫ್ಯಾಕಲ್ಟಿ' ಎಂಬ ಅನುಮತಿ ಬೇಕು; ಅದನ್ನು ನೀಡುವುದು ಧರ್ಮಪ್ರಾಂತದ ಕನ್ಸಿಸ್ಟರಿ ನ್ಯಾಯಾಲಯ. ಸಣ್ಣಪುಟ್ಟ ಕಾಮಗಾರಿಗಳಿಗೆ ಮಾತ್ರ ವಿನಾಯಿತಿ. ಹಿಂದೆ ಹಳೆಯ ಬಾಯ್ಲರ್ ತೆಗೆದು ಅಂಥದನ್ನೇ ಇಡಲು ಆರ್ಚ್‌ಡೀಕನ್ ಎಂಬ ಹಿರಿಯ ಪಾದ್ರಿಯ ಲಿಖಿತ ಒಪ್ಪಿಗೆ ಸಾಕಾಗಿತ್ತು. 2022ರ ತಿದ್ದುಪಡಿಯ ಬಳಿಕ ಎಣ್ಣೆ ಅಥವಾ ಅನಿಲದ ಬಾಯ್ಲರಿಗೆ ಪೂರ್ಣ ಫ್ಯಾಕಲ್ಟಿ ಬೇಕು. ಅರ್ಜಿದಾರರು ನಿವ್ವಳ ಶೂನ್ಯದ ಮಾರ್ಗದರ್ಶಿಯನ್ನು ಪರಿಗಣಿಸಿರಬೇಕು; ಅದರಂತೆ ನಡೆಯದಿದ್ದರೆ ಕಾರಣ ತಿಳಿಸಬೇಕು.

ಇಲ್ಲಿ ನಿಷೇಧವಿಲ್ಲ, ದಂಡನೆಯೂ ಇಲ್ಲ. ಕಾರಣ ಕೇಳುವ ಕ್ರಮವಷ್ಟೇ ಇದೆ. ಆದರೆ ಒಮ್ಮೆ ಕೂರಿಸಿದ ಬಾಯ್ಲರ್ ಹತ್ತಿಪ್ಪತ್ತು ವರ್ಷ ಉರಿಯುತ್ತದೆ. ಕೆಟ್ಟ ಕ್ಷಣದ ಅವಸರವೇ ಆ ಇಪ್ಪತ್ತು ವರ್ಷಗಳನ್ನು ನಿರ್ಧರಿಸದಂತೆ ನಿಯಮವು ತಡೆಯುತ್ತದೆ.

ದೊಡ್ಡ ಪ್ರಯತ್ನಗಳೂ ನಡೆದಿವೆ. 2016ರಲ್ಲಿ ಗ್ಲಾಸ್ಟರ್ ಕೆಥೆಡ್ರಲಿನ ಮಾಡಿಗೆ 150 ಸೌರಫಲಕಗಳು ಏರಿದವು. ಬಾತ್ ನಗರದಲ್ಲಿ ರೋಮನ್ನರ ಕಾಲದ ಬಿಸಿನೀರಿನ ಸ್ನಾನಗೃಹಗಳಿಂದ ಹರಿದು ನದಿ ಸೇರುವ ನೀರಿನ ಶಾಖವನ್ನು ಹೀರಿ ಬಾತ್ ಅಬ್ಬೆಯ ನೆಲವನ್ನು ಬೆಚ್ಚಗಿಡುತ್ತಾರೆ. ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಲಯದ ಮೇಲೆ ಫಲಕಗಳನ್ನು ಹಾಕುವುದನ್ನು ಪರಂಪರೆಯ ರಕ್ಷಣೆಯ ಸಂಸ್ಥೆ ವಿರೋಧಿಸಿತು. ಆದರೂ 2023ರಲ್ಲಿ ನಗರಾಡಳಿತದ ಅನುಮತಿ ದೊರೆತು 438 ಫಲಕಗಳು ಬಂದವು.

ನಮ್ಮ ಅಂಗಳದಲ್ಲಿ

ನಮ್ಮ ಕಾಸರಗೋಡಿನ ಕಷ್ಟ ಚಳಿಯದಲ್ಲ, ಸೆಕೆಯದು. ಆದರೂ ತರ್ಕ ಒಂದೇ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹಂಚುಗಳು ಕರಾವಳಿಯ ಎಷ್ಟೋ ಚರ್ಚು, ಶಾಲೆಗಳ ಮಾಡನ್ನು ಹೊದಿಸಿದವು. ಹಂಚಿನ ಸಂದುಗಳಿಂದ ಬಿಸಿಗಾಳಿ ತಾನಾಗಿ ಹೊರಬೀಳುತ್ತಿತ್ತು. ಅಂಥ ಮಾಡನ್ನು ಕಳಚಿ ತಗಡಿನ ಶೀಟು ಹಾಕಿದರೆ ಮಕ್ಕಳ ತಲೆಯ ಮೇಲೆ ಬಿಸಿಲು ಕಾಯುತ್ತದೆ, ಫ್ಯಾನುಗಳ ಸಂಖ್ಯೆ ಏರುತ್ತದೆ. ಇದೂ ಪ್ರಶ್ನೆ ಕೇಳಬೇಕಾದ ಕ್ಷಣವೇ.

ಸಣ್ಣದೊಂದು ಲೆಕ್ಕ ನೋಡೋಣ. 75 ವಾಟಿನ ಹತ್ತು ಫ್ಯಾನುಗಳು ದಿನಕ್ಕೆ ಆರು ಗಂಟೆ ತಿರುಗಿದರೆ 4.5 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನುಗಳಾದರೆ 1.8 ಯೂನಿಟ್. 200 ಶಾಲಾ ದಿನಗಳಲ್ಲಿ ಉಳಿಯುವುದು 540 ಯೂನಿಟ್. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ. ಅಂದರೆ ವರ್ಷಕ್ಕೆ 378 ಕಿಲೋಗ್ರಾಂ ತಪ್ಪಿತು. ಕೆಲಸ ಮಾಡುವ ಫ್ಯಾನನ್ನು ಇಂದೇ ಎಸೆಯಬೇಕಿಲ್ಲ. ಕೆಟ್ಟಾಗ ಬದಲಿಸುವುದು ಯಾವುದನ್ನು ಎಂಬ ನಿರ್ಣಯ ಮಾತ್ರ ಮೊದಲೇ ಆಗಿರಲಿ.

ಸಂವಿಧಾನದ 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. 51-ಎ ವಿಧಿ ಪ್ರಕೃತಿಯನ್ನು ಕಾಪಾಡುವ ಕರ್ತವ್ಯವನ್ನು ಪ್ರತಿ ಪ್ರಜೆಗೂ ವಿಧಿಸಿದೆ. ಹಕ್ಕಿಗಾಗಿ ನಾವು ನ್ಯಾಯಾಲಯದ ಮೆಟ್ಟಲೇರಬಲ್ಲೆವು. ಈ ಕರ್ತವ್ಯವನ್ನು ನಮ್ಮಿಂದ ಮಾಡಿಸಲು ಯಾರೂ ಅಮೀನನನ್ನು ಕಳುಹಿಸುವುದಿಲ್ಲ. ಆದುದರಿಂದ ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಕಳೆದ ಒಂದು ವರ್ಷದ ವಿದ್ಯುತ್ ಬಿಲ್ಲುಗಳನ್ನು ತರಿಸಿ, ಓದಿಸಿರಿ. ಹಳೆಯ ವಸ್ತುವನ್ನು ಬದಲಿಸುವ ಮುನ್ನ ಕಾರಣವನ್ನು ಬರೆದಿಡಬೇಕೆಂದು ಒಂದೇ ಸಾಲಿನ ನಿರ್ಣಯವನ್ನು ಅಂಗೀಕರಿಸಿರಿ. ಆ ಸಾಲಿಗೆ ಖರ್ಚೇನೂ ಇಲ್ಲ. ಉಳಿದ ಹಣದಿಂದ ಶಾಲೆಯ ಗ್ರಂಥಾಲಯಕ್ಕೆ ನಾಲ್ಕು ಕನ್ನಡ ಪುಸ್ತಕಗಳು ಬಂದರೆ ಅದೇ ಲಾಭ.