ದೊಡ್ಡ ಟೈರ್ ಹಾಕಿದ್ರೆ ಗಾಡಿ ತಿರುಗುತ್ತಾ?

ಚಿಕ್ಕಮಗಳೂರು ಕಡೆ ಕಾಫಿ ತೋಟ ಇರುವ ಗೆಳೆಯನೊಬ್ಬ ತನ್ನ ಫೋರ್ ವೀಲ್ ಡ್ರೈವ್ ಗಾಡಿಗೆ ದಪ್ಪ ಟೈರ್ ಹಾಕಿಸಿದ. ನೋಡೋಕೆ ಸಖತ್ತಾಗಿತ್ತು. ಆದರೆ ತೋಟದ ದಾರಿಯಲ್ಲಿ ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ಹೇರ್‌ಪಿನ್ ತಿರುವಿನಲ್ಲಿ ಟೈರ್ ಗರಗರ ಉಜ್ಜತೊಡಗಿತು. ಉಜ್ಜದ ಹಾಗೆ ಸ್ಟೇರಿಂಗ್ ಕಡಿಮೆ ತಿರುಗಿಸಿದರೆ, ಮಧ್ಯೆ ನಿಲ್ಲಿಸಿ ರಿವರ್ಸ್ ತಗೊಳ್ಳಲೇಬೇಕು. ಮಳೆಗಾಲ, ಕೆಸರು, ಹಿಂದೆ ಕಂದಕ!

ಏನಾಯ್ತು ಅಂತ ಲೆಕ್ಕ ಹಾಕೋಣ. ಉದಾಹರಣೆಗೆ ಐದು ಬಾಗಿಲಿನ ಜಿಮ್ನಿ ತಗೊಳ್ಳಿ. ಅದರ ಟೈರ್ 195/80 ಆರ್15. ಅಂದರೆ ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 80, ರಿಮ್ 15 ಇಂಚು. ಒಟ್ಟು ವ್ಯಾಸ 693 ಮಿ.ಮೀ. ಇದರ ಬದಲು 235/75 ಆರ್15 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ. ಗಾಡಿ ನೆಲದಿಂದ ಮೇಲೇಳುವುದು ವ್ಯಾಸ ಹೆಚ್ಚಿದ್ದರ ಅರ್ಧ, ಅಂದರೆ 20 ಮಿ.ಮೀ. ಅಷ್ಟೇ. ಆದರೆ ಅದೇ ರಿಮ್ ಅಂದುಕೊಂಡರೆ, ಟೈರ್ ಒಳಗಡೆಗೂ 20 ಮಿ.ಮೀ. ಉಬ್ಬುತ್ತೆ. ತೊಂದರೆ ಶುರುವಾಗೋದು ಇಲ್ಲೇ.

ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ. ಎಡಗಡೆ ಚಕ್ರದ ಹಿಂಭಾಗ ಗಾಡಿಯ ಒಳಗೆ ಸರಿಯುತ್ತೆ. ಮುಂದಿನ ಆಕ್ಸಲ್‌ನಿಂದ ಚಾಸಿಗೆ ಹೋಗುವ ರೇಡಿಯಸ್ ಆರ್ಮ್ ಇರೋದೂ ಅಲ್ಲೇ. ಟೈರ್ ಅದಕ್ಕೆ ತಾಗದಿರಲಿ ಅಂತ ಸ್ಟೇರಿಂಗ್ ಸ್ಟಾಪ್ ಬೋಲ್ಟನ್ನು ಹೊರಗೆ ತಂದರೆ ಉಜ್ಜೋದು ನಿಲ್ಲುತ್ತೆ, ಆದರೆ ಲಾಕ್ ಕಡಿಮೆಯಾಗುತ್ತೆ. ಎಷ್ಟು ನಷ್ಟ? ತಿರುವಿನ ತ್ರಿಜ್ಯ ಸುಮಾರಾಗಿ ವೀಲ್‌ಬೇಸನ್ನು ಹೊರಚಕ್ರದ ಕೋನದ ಸೈನ್‌ನಿಂದ ಭಾಗಿಸಿದಷ್ಟು. ಜಿಮ್ನಿಯ ವೀಲ್‌ಬೇಸ್ 2.59 ಮೀ., ತ್ರಿಜ್ಯ 5.7 ಮೀ. ಹಾಗಾದರೆ ಕೋನ ಸುಮಾರು 27 ಡಿಗ್ರಿ. ಅದು 22ಕ್ಕೆ ಇಳಿದರೆ ತ್ರಿಜ್ಯ 6.9 ಮೀಟರ್! ಯೂ ಟರ್ನ್‌ಗೆ 2.4 ಮೀಟರ್ ಹೆಚ್ಚು ಜಾಗ ಬೇಕು. 20 ಮಿ.ಮೀ. ಎತ್ತರಕ್ಕೆ ಇಷ್ಟು ಬೆಲೆ.

'ಲಿಫ್ಟ್ ಕಿಟ್ ಹಾಕಿಸು ಮಗಾ' ಅನ್ನೋರು ಇರ್ತಾರೆ. ಲಿಫ್ಟ್ ಮಾಡಿದರೆ ಮಡ್‌ಗಾರ್ಡ್ ಮೇಲೆ ಹೋಗುತ್ತೆ, ನಿಜ. ಆದರೆ ಸಾಲಿಡ್ ಆಕ್ಸಲ್ ಗಾಡಿಯಲ್ಲಿ ಟೈರೂ ರೇಡಿಯಸ್ ಆರ್ಮೂ ಎರಡೂ ಅದೇ ಆಕ್ಸಲ್‌ಗೆ ಕೂತಿರ್ತವೆ. ಅವುಗಳ ನಡುವಿನ ಅಂತರ ಹೆಚ್ಚೇನೂ ಬದಲಾಗಲ್ಲ. ಸ್ಪೇಸರ್ ಹಾಕಿ ಚಕ್ರವನ್ನು ಹೊರಗೆ ತಳ್ಳಿದರೆ ಆರ್ಮ್ ತಪ್ಪುತ್ತೆ, ಆದರೆ ಟೈರ್ ಇನ್ನೂ ದೊಡ್ಡ ಕಂಸದಲ್ಲಿ ಬೀಸಿ ಬಂಪರ್ ಅಂಚಿಗೆ ತಾಗಬಹುದು. ವೀಲ್ ಬೇರಿಂಗ್ ಮೇಲೆ ಹೊರೆ ಹೆಚ್ಚುತ್ತೆ, ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಕೈಯಲ್ಲಿ ಜೋರಾಗಿ ಒದೆಯುತ್ತೆ. ಇನ್ನು ಲಾಕ್ ಹೆಚ್ಚಲಿ ಅಂತ ಸ್ಟಾಪ್ ಬೋಲ್ಟನ್ನೇ ಉಜ್ಜಿ ಗಿಡ್ಡ ಮಾಡುವುದಂತೂ ಬೇಡವೇ ಬೇಡ. ಮುಂದಿನ ಸಿ.ವಿ. ಜಾಯಿಂಟ್ ತಡೆಯುವ ಕೋನಕ್ಕೂ ಮಿತಿ ಇದೆ.

ಇನ್ನೊಂದು ಮಾತು. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ತಿರುಗಿಸಿ 'ತಾಗಲ್ಲ' ಅಂತ ತೀರ್ಮಾನಿಸಬೇಡಿ. ಹಳ್ಳಕೊಳ್ಳದಲ್ಲಿ ಒಂದು ಚಕ್ರ ಮೇಲೆದ್ದಾಗ ಅದು ಮಡ್‌ಗಾರ್ಡ್ ಒಳಗೆ ನುಗ್ಗುತ್ತೆ. ಲಾಕ್ ಮತ್ತು ಸಸ್ಪೆನ್ಷನ್ ಒತ್ತಡ ಎರಡೂ ಒಟ್ಟಿಗೆ ಬಂದಾಗಲೇ ನಿಜವಾದ ಪರೀಕ್ಷೆ. ಬಾಜಾ ಬಗ್ಗಿ ಕಟ್ಟುವವರೂ ಇದನ್ನು ಗಮನಿಸಿ: ಕ್ಯಾಡ್‌ನಲ್ಲಿ ಚಕ್ರವನ್ನು ನೇರವಾಗಿ ನಿಲ್ಲಿಸಿದರೆ ಸಾಲದು, ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ ಅದು ಓಡಾಡುವ ಇಡೀ ಜಾಗವನ್ನು ಖಾಲಿ ಬಿಡಬೇಕು.

ವರ್ಕ್‌ಶಾಪಿನಲ್ಲಿ ಸುಲಭದ ಉಪಾಯ: ಟೈರಿನ ಅಂಚಿಗೆ ಸೀಮೆಸುಣ್ಣ ಬಳಿಯಿರಿ. ಒಂದು ಮುಂಚಕ್ರವನ್ನು ಗಟ್ಟಿ ರ‍್ಯಾಂಪ್ ಮೇಲೆ ಹತ್ತಿಸಿ, ನಿಧಾನಕ್ಕೆ ಎರಡೂ ಕಡೆ ಪೂರ್ತಿ ತಿರುಗಿಸಿ. ಆ ಹೊತ್ತಿನಲ್ಲಿ ಯಾರೂ ಕೈ ಹಾಕಕೂಡದು. ಆಮೇಲೆ ಸುಣ್ಣ ಎಲ್ಲಿ ಅಂಟಿದೆಯೋ ಅಲ್ಲಿ ಟೈರ್ ತಾಗಿದೆ ಅಂತ ಲೆಕ್ಕ.

ನನ್ನ ಗೆಳೆಯ ಕೊನೆಗೆ ಒಂದು ಸೈಜ್ ಕಡಿಮೆ ಟೈರ್ ಹಾಕಿಸಿದ. ಫೋಟೋದಲ್ಲಿ ಗಾಡಿ ಮೊದಲಿನಷ್ಟು ಗತ್ತಾಗಿ ಕಾಣಲ್ಲ. ಆದರೆ ಆ ತಿರುವಿನಲ್ಲಿ ರಿವರ್ಸ್ ಗೇರ್ ಹಾಕುವ ಕೆಲಸ ತಪ್ಪಿದೆ.