ಪಕ್ಕೆಲುಬಿಗೆ ಪೆಟ್ಟಾದರೆ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಬೇಡಿ

ನಂಜನಗೂಡು/ತಿ.ನರಸೀಪುರ: ಬೈಕ್ ಸ್ಕಿಡ್ ಆಗಿ ಹ್ಯಾಂಡಲ್ ಎದೆಗೆ ಬಡಿಯುತ್ತೆ. ಅಂಗಡಿಯಲ್ಲಿ ಜೋಡಿಸಿಟ್ಟ ಅಕ್ಕಿ ಮೂಟೆ ಜಾರಿ ಮೈಮೇಲೆ ಬೀಳುತ್ತೆ. ಕಬ್ಬಿನ ಲೋಡ್ ಹತ್ತಿದವರು ಕಾಲು ಜಾರುತ್ತಾರೆ. ಇಂಥ ಹೊತ್ತಲ್ಲಿ ಎದೆ ಸುತ್ತ ಬಟ್ಟೆ ಬಿಗಿದು ಮಲಗಿಸೋ ರೂಢಿ ಇನ್ನೂ ಹೋಗಿಲ್ಲ. ಕೈಕಾಲು ಮುರಿದರೆ ಅಲ್ಲಾಡದಂತೆ ಕಟ್ಟೋದು ಸರಿ. ಪಕ್ಕೆಲುಬಿಗೆ ಆ ಲೆಕ್ಕ ನಡೆಯಲ್ಲ.

ಕಾರಣ ಎದೆಗೂಡಿನ ರಚನೆಯಲ್ಲೇ ಇದೆ. ಗಂಡಸರಿಗಾಗಲಿ ಹೆಂಗಸರಿಗಾಗಲಿ ಸಾಮಾನ್ಯವಾಗಿ 12 ಜೊತೆ, ಅಂದರೆ 24 ಪಕ್ಕೆಲುಬು. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಸೇರಿವೆ. ಮುಂದುಗಡೆ ಮೇಲಿನ 7 ಜೊತೆ ಮಾತ್ರ ನೇರವಾಗಿ ಎದೆಮೂಳೆಗೆ ಕೂಡುತ್ತವೆ. ಅದೂ ಮೂಳೆಗೆ ಮೂಳೆ ಅಂಟಿಕೊಂಡಲ್ಲ, ಮೂಗಿನ ತುದಿಯಲ್ಲಿರುವಂಥ ಬಳುಕುವ ಮೃದ್ವಸ್ಥಿಯ ಮೂಲಕ. ಅದರ ಕೆಳಗಿನ 3 ಜೊತೆ ತಮ್ಮ ಮೇಲಿನದರ ಮೃದ್ವಸ್ಥಿಯನ್ನು ಹಿಡಿದುಕೊಂಡಿರುತ್ತವೆ. ಕೊನೆಯ 2 ಜೊತೆಗೆ ಮುಂದೆ ಆಸರೆಯೇ ಇಲ್ಲ.

ನಡುವಿನ ಎದೆಮೂಳೆ ಚಪ್ಪಟೆ, ಮೂರು ಭಾಗದ್ದು. ಅದರ ಕೆಳತುದಿಯ ಸಣ್ಣ ಮೊನೆ ಹೊಟ್ಟೆಯ ಮೇಲ್ಭಾಗದಲ್ಲಿ ಕೈಗೆ ಸಿಗುತ್ತೆ. ಗೆಡ್ಡೆ ಬಂದಿದೆ ಅಂತ ಗಾಬರಿಯಾಗಿ ಡಾಕ್ಟರ್ ಹತ್ತಿರ ಓಡೋರೂ ಇದ್ದಾರೆ!

ಹೀಗೆ ಬಳುಕುವ ಗೂಡಾಗಿರೋದರಿಂದಲೇ ಉಸಿರಾಟ ಸಾಧ್ಯ. ಉಸಿರೆಳೆದಾಗ ಬಕೆಟ್ಟಿನ ಹಿಡಿ ಎತ್ತಿದ ಹಾಗೆ ಪಕ್ಕೆಲುಬುಗಳು ಮೇಲೆದ್ದು ಶ್ವಾಸಕೋಶ ಹಿಗ್ಗಲು ಜಾಗ ಕೊಡುತ್ತವೆ. ಬಿಗಿದು ಕಟ್ಟಿದರೆ ಶ್ವಾಸಕೋಶದ ಕೆಳಭಾಗ ಪೂರ್ತಿ ತೆರೆಯಲ್ಲ, ಕಫ ಅಲ್ಲೇ ನಿಲ್ಲುತ್ತೆ, ನ್ಯುಮೋನಿಯಾಗೆ ದಾರಿಯಾಗುತ್ತೆ. ವಯಸ್ಸಾದವರಿಗೆ, ಬೀಡಿ ಸೇದುವವರಿಗೆ ಈ ಅಪಾಯ ಜಾಸ್ತಿ.

ಅದಕ್ಕೇ ವೈದ್ಯರು ಪಟ್ಟಿ ಕಟ್ಟದೆ ನೋವಿನ ಮಾತ್ರೆ ಕೊಟ್ಟು, ಆಗಾಗ ದೀರ್ಘ ಉಸಿರು ತೆಗೆದುಕೊಳ್ಳಿ ಅನ್ನೋದು. ಕೆಮ್ಮು ಬಂದರೆ ತಡೆಯಬಾರದು. ನೋವಿರುವ ಜಾಗಕ್ಕೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು. ಸಾಮಾನ್ಯ ಬಿರುಕು ಸುಮಾರು 6 ವಾರದಲ್ಲಿ ತಾನಾಗೇ ಕೂಡುತ್ತೆ. ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆದ್ದರಿಂದ ‘ಎಕ್ಸ್‌ರೇ ಚೆನ್ನಾಗಿದೆ, ನಾಟಕ ಆಡ್ತಾನೆ’ ಅನ್ನೋದು ತಪ್ಪು.

ಪೆಟ್ಟು ಕೆಳಗಿನ ಪಕ್ಕೆಲುಬಿಗೆ ಬಿದ್ದಿದ್ದರೆ ಹುಷಾರಾಗಿರಬೇಕು. ಎಡಗಡೆ ಅವುಗಳ ಮರೆಯಲ್ಲಿ ಗುಲ್ಮ, ಬಲಗಡೆ ಲಿವರ್ ಇವೆ. ಗುಲ್ಮ ಹರಿದರೆ ಹೊರಗೆ ಗಾಯವೇ ಕಾಣದೆ ಒಳಗೆ ರಕ್ತ ಸೋರುತ್ತೆ. ಏದುಸಿರು, ಕಫದಲ್ಲಿ ರಕ್ತ, ಹೊಟ್ಟೆನೋವು, ತಲೆಸುತ್ತು, ಮೈ ತಣ್ಣಗಾಗಿ ಬೆವರೋದು ಇದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ. ಪೆಟ್ಟೇ ಬೀಳದೆ ಎದೆ ಹಿಂಡಿದಂತಾದರೂ ಅಷ್ಟೇ: ಅದು ‘ಪಕ್ಕೆ ಹಿಡ್ಕೊಂಡಿರೋದು’ ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಮೊದಲು ಇಸಿಜಿ ಮಾಡಿಸಿ.